ಹೊಲಿಗೆ ಮೆಷಿನ್ನಿನ ಸಣ್ಣ ಸಾಮಾನು ಎಲ್ಲಿ, ಹೇಗೆ ಇಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುವವರು, ಮದ್ದೂರು-ಮಂಡ್ಯ ಕಡೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಸ್ವಂತಕ್ಕೊಂದು ಮೆಷಿನ್ ಹಾಕಿಕೊಂಡವರು, ಈಗಿನ್ನೂ ಟೈಲರಿಂಗ್ ಕಲಿಯುತ್ತಿರುವವರು. ರಿಪೇರಿಗೆ ಬಂದಾಗ ಇವರೆಲ್ಲ ಕೇಳಿದ್ದನ್ನು, ಫೋನಿನಲ್ಲಿ ಕಳಿಸಿದ್ದನ್ನು ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ. "ಮೆಷಿನ್ ಕೆಟ್ಟಿದೆ" ಅಂತ ಹೊತ್ತು ತರುವ ಎಷ್ಟೋ ಮೆಷಿನ್ ಕೆಟ್ಟಿರುವುದೇ ಇಲ್ಲ. ಇನ್ನೊಂದು ಮೆಷಿನ್ನಿನ ಬಾಬಿನ್ನೋ (ಕೆಳಗಿನ ದಾರ ಸುತ್ತುವ ಪುಟ್ಟ ಉರುಳೆ) ಸೂಜಿಯೋ ಸ್ಕ್ರೂವೋ ಅದರೊಳಗೆ ಸೇರಿರುತ್ತದೆ, ಅಷ್ಟೇ.

## ಶುರು ಮಾಡುವವರಿಗೆ

ಅಣ್ಣ, ಮನೇಲಿ ಒಂದೇ ಮೆಷಿನ್ ಇರೋದು. ಇದಕ್ಕೂ ಡಬ್ಬಿ ಗಿಬ್ಬಿ ಎಲ್ಲ ಬೇಕಾ?

ಬೇಕು, ಆದರೆ ಒಂದೇ ಸಾಕು. ಅಂಗೈಯಗಲದ, ಮುಚ್ಚಳ ಗಟ್ಟಿಯಾಗಿ ಕೂರುವ ಒಂದು ಡಬ್ಬಿ. ಅದರಲ್ಲಿ ಮೆಷಿನ್ನಿಗೆ ಸೇರಿದ್ದು ಮಾತ್ರ ಇರಲಿ. ಹುಕ್, ಗುಂಡಿ, ಸೇಫ್ಟಿ ಪಿನ್, ಚಾಕ್ ತುಂಡು ಇವೆಲ್ಲ ಬಟ್ಟೆಗೆ ಸೇರಿದ್ದು, ಅವಕ್ಕೆ ಬೇರೆ ಡಬ್ಬಿ. ಈ ಒಂದು ಗೆರೆ ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು. ಬಾಬಿನ್ ಕೂರುವ ಲೋಹದ ಗೂಡಿಗೆ ಬಾಬಿನ್ ಕೇಸ್ ಅನ್ನುತ್ತಾರೆ. ಅದರ ಮೇಲೆ ದಾರದ ಬಿಗಿ ಹೊಂದಿಸುವ ಟೆನ್ಷನ್ ಸ್ಕ್ರೂ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಅದು ಬ್ಲೌಸ್ ಹುಕ್ಕುಗಳ ರಾಶಿಗೆ ಬಿದ್ದರೆ ಹುಡುಕಿ ತೆಗೆಯೋಕೆ ಕನ್ನಡಕ ಹಾಕಿದರೂ ಆಗುವುದಿಲ್ಲ.

ಏನೇನು ಸ್ಪೇರ್ ಇಟ್ಕೊಂಡಿರಬೇಕು? ಎಷ್ಟೆಷ್ಟು?

ಮನೆಯಲ್ಲಿ ಹೊಲಿಯುವವರು ಸೂಜಿಯನ್ನು 11, 14, 16 ನಂಬರಿನಲ್ಲಿ ಒಂದೊಂದು ಪ್ಯಾಕೆಟ್ ಇಟ್ಟುಕೊಳ್ಳಿ. ರೇಷ್ಮೆ ಬ್ಲೌಸ್ ಜಾಸ್ತಿ ಹೊಲಿಯುತ್ತೀರಿ ಅಂದರೆ 9 ಕೂಡ. ಮೈಸೂರು ಸಿಲ್ಕಿನಂಥ ಕ್ರೇಪ್ ಬಟ್ಟೆಗೆ ದಪ್ಪ ಸೂಜಿ ಹಾಕಿದರೆ ತೂತು ಹಾಗೇ ಕಾಣುತ್ತದೆ, ಇಸ್ತ್ರಿ ಮಾಡಿದರೂ ಮುಚ್ಚಿಕೊಳ್ಳುವುದಿಲ್ಲ. ಬಾಬಿನ್ ಹತ್ತು, ಬಾಬಿನ್ ಕೇಸ್ ಒಂದು, ಸೂಜಿ ಹಿಡಿಯುವ ಸ್ಕ್ರೂ ಒಂದು, ಬಾಬಿನ್ ಸುತ್ತುವ ಜಾಗದ ರಬ್ಬರ್ ರಿಂಗ್ ಎರಡು. ಚೆಕ್ ಸ್ಪ್ರಿಂಗ್ (ಮೇಲಿನ ದಾರ ಸಡಿಲಾಗದಂತೆ ಎಳೆದು ಹಿಡಿಯುವ ಸಣ್ಣ ತಂತಿ) ಒಂದು ಇದ್ದರೆ ಒಳ್ಳೆಯದು. ಕಾಲಲ್ಲಿ ತುಳಿಯುವ ಮೆಷಿನ್ ಆದರೆ ಒಂದು ಚರ್ಮದ ಬೆಲ್ಟ್, ಜೊತೆಗೆ ಅದನ್ನು ಸೇರಿಸುವ ಕ್ಲಿಪ್.

ಇದಕ್ಕಿಂತ ಜಾಸ್ತಿ ಬೇಡ. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲು (ಫೀಡ್ ಡಾಗ್), ಸೂಜಿ ಇಳಿಯುವ ತೂತಿರುವ ತಟ್ಟೆ (ನೀಡಲ್ ಪ್ಲೇಟ್) ಇವೆಲ್ಲ ಸವೆಯಲು ವರ್ಷಗಟ್ಟಲೆ ಬೇಕು. ಅಂಗಡಿಯವರು "ಫುಲ್ ಸೆಟ್ ತಗೊಂಡ್ಬಿಡಿ" ಅಂದರೆ ನಕ್ಕು ಬನ್ನಿ.

ಯಾವ ಡಬ್ಬಿ ಒಳ್ಳೇದು? ಹಳೇ ಮಸಾಲೆ ಡಬ್ಬಿ ಇದೆ, ಆಗುತ್ತಾ?

ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಒಳಗಿನ ಬಟ್ಟಲುಗಳಿಗೂ ಮುಚ್ಚಳಕ್ಕೂ ನಡುವೆ ಜಾಗ ಇರುತ್ತದೆ. ಡಬ್ಬಿ ಒಂದು ಸಲ ಓರೆಯಾದರೆ ಸಾಸಿವೆ ಜೀರಿಗೆ ಬೆರೆತಂತೆ ಎಲ್ಲ ಬೆರೆತು ಹೋಗುತ್ತದೆ. ಅಡುಗೆಮನೆ ಕಟ್ಟೆ ಬಿಟ್ಟು ಅಲ್ಲಾಡದ ಸಾಮಾನಿಗೆ ಅದು.

ಮನೆಗಳಿದ್ದು, ಮುಚ್ಚಳ ಆ ಗೋಡೆಗಳ ಮೇಲೆ ಸರಿಯಾಗಿ ಕೂರುವ ಪ್ಲಾಸ್ಟಿಕ್ ಬಾಕ್ಸ್ ತೆಗೆದುಕೊಳ್ಳಿ. ಕೊಳ್ಳುವ ಮುಂಚೆ ಒಂದು ಸೂಜಿ ಹಾಕಿ, ಮುಚ್ಚಿ, ತಲೆಕೆಳಗೆ ಮಾಡಿ ಅಲ್ಲಾಡಿಸಿ. ಸೂಜಿ ಪಕ್ಕದ ಮನೆಗೆ ಹೋದರೆ ಆ ಬಾಕ್ಸ್ ಬೇಡ. ದುಡ್ಡು ಖರ್ಚು ಮಾಡೋದೇ ಬೇಡ ಅಂದರೆ ಹೋಮಿಯೋಪತಿ ಮಾತ್ರೆಯ ಖಾಲಿ ಶೀಶೆಗಳನ್ನು ಎತ್ತಿಡಿ. ಸ್ಕ್ರೂಗೆ, ಸ್ಪ್ರಿಂಗಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಳಗಿರುವುದು ಹೊರಗಿನಿಂದಲೇ ಕಾಣುತ್ತದೆ, ಮುಚ್ಚಳ ಬಿಗಿಯಾಗಿರುತ್ತದೆ.

ಮೆಷಿನ್ ಟೇಬಲ್ಲಿಗೇ ಡ್ರಾಯರ್ ಇದೆಯಲ್ಲ, ಅದರಲ್ಲೇ ಹಾಕಿಟ್ರೆ ಏನಾಗುತ್ತೆ?

ಡ್ರಾಯರ್ ಇರಲಿ, ಆದರೆ ಸಾಮಾನನ್ನು ಬಿಡಿಬಿಡಿಯಾಗಿ ಅದರೊಳಗೆ ಸುರಿಯಬೇಡಿ. ಮೆಷಿನ್ ಓಡಿದಷ್ಟು ಹೊತ್ತೂ ಟೇಬಲ್ ನಡುಗುತ್ತಿರುತ್ತದೆ. ಆ ನಡುಕಕ್ಕೆ ಭಾರದ್ದು ಕೆಳಗೆ ಇಳಿದು, ಹಗುರದ್ದು ಮೂಲೆ ಸೇರುತ್ತದೆ. ಶಟಲ್ಲಿನ (ಸೂಜಿಯ ದಾರವನ್ನು ಕೆಳಗೆ ಹಿಡಿದು ಬಾಬಿನ್ ಸುತ್ತ ದಾಟಿಸುವ ಕೊಕ್ಕೆ) ಚೂಪು ತುದಿ ಬಾಬಿನ್ ಕೇಸಿಗೆ ಉಜ್ಜುತ್ತದೆ. ಮೇಲಿಂದ ಬಟ್ಟೆಯ ನೂಲು, ಧೂಳು ಬೀಳುತ್ತದೆ. ಈ ನೂಲಿನ ಜುಂಗು ತೇವ ಹಿಡಿದಿಡುತ್ತದೆ, ತುಕ್ಕು ಅಲ್ಲಿಂದಲೇ ಶುರು. ಡಬ್ಬಿ ಮುಚ್ಚಿ ಡ್ರಾಯರಿನೊಳಗೆ ಇಡಿ. ಡಬ್ಬಿಯ ಕೆಳಗೆ ಒಂದು ಮಡಿಸಿದ ಬಟ್ಟೆ ಹಾಸಿದರೆ ಗಡಗಡ ಸದ್ದೂ ಇರುವುದಿಲ್ಲ.

## ಒಂದರೊಳಗೊಂದು ಬೆರೆಯದಿರಲು

ನಂದು ಒಂದು ಹಳೇ ಮೆಷಿನ್ನು, ಒಂದು ಜೂಕಿ. ಬಾಬಿನ್ ಎಲ್ಲ ಒಂದೇ ಥರ ಕಾಣುತ್ತೆ. ಒಟ್ಟಿಗೆ ಇಟ್ರೆ ತೊಂದರೇನಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಹಳೇ ಮೆಷಿನ್ ಅಂದರೆ ಮನೆ ಮೆಷಿನ್, ಜೂಕಿ ಅಂದರೆ ಇಲ್ಲಿ ಗಾರ್ಮೆಂಟ್ಸಿನಲ್ಲಿ ಓಡಿಸುವ ಥರದ ಮೆಷಿನ್. ನೇರ ಉತ್ತರ: ಒಟ್ಟಿಗೆ ಇಡಲೇಬೇಡಿ.

ಎಲ್ಲರೂ ಸಾಮಾನನ್ನು ಜಾತಿ ಪ್ರಕಾರ ಇಡುತ್ತಾರೆ. ಸೂಜಿ ಎಲ್ಲ ಒಂದು ಕಡೆ, ಬಾಬಿನ್ ಎಲ್ಲ ಒಂದು ಕಡೆ, ಸ್ಕ್ರೂ ಎಲ್ಲ ಒಂದು ಕಡೆ. ನೋಡಲು ಅಚ್ಚುಕಟ್ಟು. ಆದರೆ ಮೆಷಿನ್ ಎರಡಾದ ದಿನ ಈ ಪದ್ಧತಿ ಕೈ ಕೊಡುತ್ತದೆ. ಮೆಷಿನ್ ಪ್ರಕಾರ ಇಡಿ. ಹಳೇ ಮೆಷಿನ್ನಿಗೆ ಒಂದು ಡಬ್ಬಿ, ಅದರಲ್ಲಿ ಅದರ ಸೂಜಿ, ಅದರ ಬಾಬಿನ್, ಅದರ ಸ್ಕ್ರೂ. ಜೂಕಿಗೆ ಇನ್ನೊಂದು ಡಬ್ಬಿ. ಡಬ್ಬಿಯ ಬಣ್ಣ ಬೇರೆ ಬೇರೆ ಇದ್ದರೆ ಇನ್ನೂ ಒಳ್ಳೆಯದು.

ಯಾಕೆ ಅಂತ ಕೈಯಲ್ಲಿ ಹಿಡಿದೇ ನೋಡಿ. ಎರಡು ಬಾಬಿನ್ನನ್ನು ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿ. ಮೇಲಿನಿಂದ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ ಅಗಲ, 20-21 ಮಿ.ಮೀ. ಈಗ ತಲೆ ಬಗ್ಗಿಸಿ ಪಕ್ಕದಿಂದ ನೋಡಿ. ಮನೆ ಮೆಷಿನ್ನಿನದು 11-12 ಮಿ.ಮೀ. ಎತ್ತರ, ಜೂಕಿಯದು ಸುಮಾರು 9 ಮಿ.ಮೀ. ಎತ್ತರದ ಬಾಬಿನ್ ಜೂಕಿಯ ಕೇಸಿನಲ್ಲಿ ಕೂರುವುದೇ ಇಲ್ಲ, ಹಾಗಾಗಿ ತಕ್ಷಣ ಗೊತ್ತಾಗುತ್ತದೆ. ಅಪಾಯ ಇರುವುದು ಉಲ್ಟಾ ಆದಾಗ. ಕುಳ್ಳ ಬಾಬಿನ್ ಮನೆ ಮೆಷಿನ್ನಿನ ಕೇಸಿನಲ್ಲಿ ಸಲೀಸಾಗಿ ಹೋಗುತ್ತದೆ, ಮೆಷಿನ್ ಓಡುತ್ತದೆ, ಹೊಲಿಗೆಯೂ ಬೀಳುತ್ತದೆ. ಆದರೆ ಒಳಗೆ ಅದು ಗಲಗಲ ಅಲ್ಲಾಡುತ್ತಿರುತ್ತದೆ. ಒಂದು ಗೇಣು ಹೊಲಿಗೆ ಚೆನ್ನಾಗಿ, ಮುಂದಿನದು ಸಡಿಲ. ಆಗ ನೀವು ಮೇಲಿನ ಟೆನ್ಷನ್ ತಿರುಗಿಸುತ್ತೀರಿ, ಆಮೇಲೆ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸುತ್ತೀರಿ. ಸರಿಯಿದ್ದ ಎರಡು ಜಾಗವೂ ಕೆಡುತ್ತದೆ.

ಪ್ಯಾಕೆಟ್ಟಿಂದ ತೆಗೆದ ಮೇಲೆ ಸೂಜಿ ಯಾವ ನಂಬರ್ ಅಂತ ಗೊತ್ತೇ ಆಗಲ್ಲ. ಏನ್ ಮಾಡ್ಲಿ?

ಒಳ್ಳೆಯ ಕಂಪನಿಯ ಸೂಜಿ ಆದರೆ ದಪ್ಪ ಭಾಗದ ಮೇಲೆ ನಂಬರ್ ಕೊರೆದಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ, ಸೂಜಿಯನ್ನು ಬೆಳಕಿಗೆ ಸ್ವಲ್ಪ ಓರೆ ಹಿಡಿದರೆ ಓದಬಹುದು. 14 ಅಂದರೂ 90 ಅಂದರೂ ಒಂದೇ, 90 ಅಂದರೆ ಸೂಜಿಯ ದಪ್ಪ 0.90 ಮಿ.ಮೀ. ಹಾಗೇ 11 ಅಂದರೆ 75, 16 ಅಂದರೆ 100, 18 ಅಂದರೆ 110.

ನಂಬರಿಗಿಂತ ಮುಖ್ಯ ಸೂಜಿಯ ಜಾತಿ. ಮನೆ ಮೆಷಿನ್ನಿನದು ಎಚ್‌ಎ×1, ಇದನ್ನೇ 15×1 ಅಂತಲೂ ಬರೆಯುತ್ತಾರೆ. ಇದರ ದಪ್ಪ ಭಾಗದ ಒಂದು ಕಡೆ ಚಪ್ಪಟೆ ಇರುತ್ತದೆ, ಬೆರಳಿನಲ್ಲಿ ಹೊರಳಿಸಿದರೆ ತಿಳಿಯುತ್ತದೆ. ಜೂಕಿಗೆ ಹಾಕುವ ಡಿಬಿ×1 ಪೂರ್ತಿ ದುಂಡು, ಸ್ವಲ್ಪ ತೆಳು. ಮನೆ ಮೆಷಿನ್ನಿನ ಸೂಜಿ ಜೂಕಿಯ ತೂತಿಗೆ ಹೋಗುವುದಿಲ್ಲ. ಜೂಕಿಯ ಸೂಜಿ ಮನೆ ಮೆಷಿನ್ನಿನಲ್ಲಿ ಸಡಿಲವಾಗಿ ಹೋಗುತ್ತದೆ, ಸ್ಕ್ರೂ ಬಿಗಿ ಮಾಡಿದರೆ ನಿಂತೂ ಬಿಡುತ್ತದೆ. ಆಮೇಲೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ.

ಅದಕ್ಕೇ ಸೂಜಿಯನ್ನು ಅದರ ಪ್ಯಾಕೆಟ್ಟಿನಲ್ಲೇ ಬಿಡಿ. ಅರ್ಧ ಬಳಸಿದ ಸೂಜಿಯನ್ನು ಯಾವತ್ತೂ ಹೊಸದರ ಜೊತೆ ವಾಪಸ್ ಇಡಬೇಡಿ. ಪಿನ್ ಕುಶನ್ ಮೇಲೆ ನಂಬರ್ ಬರೆದು ಭಾಗ ಮಾಡಿಕೊಂಡು ಅಲ್ಲಿ ಚುಚ್ಚಿಡಿ.

ಒಂದು ಸ್ಕ್ರೂ ಬಿದ್ದು ಎಲ್ಲೋ ಹೋಯ್ತು. ಹಾರ್ಡ್‌ವೇರ್ ಅಂಗಡೀಲಿ ಅದೇ ಸೈಜಿಂದು ಸಿಕ್ತು, ಹಾಕಬಹುದಾ?

ಬೇಡ. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಮಿ.ಮೀ. ಲೆಕ್ಕದ್ದು. ಹೊಲಿಗೆ ಮೆಷಿನ್ನಿನ ಬಹಳಷ್ಟು ಸ್ಕ್ರೂಗಳು ಹಳೇ ಇಂಚಿನ ಲೆಕ್ಕದವು, ಅವುಗಳ ಮರೆ (ಮೈಮೇಲಿನ ಸುತ್ತು ಗೆರೆ) ಬೇರೆ. ತುಂಬ ಕಡೆ ಬರುವ 9/64 ಇಂಚಿನ ಸ್ಕ್ರೂ ಸುಮಾರು 3.57 ಮಿ.ಮೀ. ದಪ್ಪ, ಇಂಚಿಗೆ 40 ಮರೆ. ಅಂಗಡಿಯ 3.5 ಮಿ.ಮೀ. ಸ್ಕ್ರೂ ಕೈಯಲ್ಲಿ ಹಿಡಿದರೆ ಅವಳಿ ಜವಳಿ. ಒಂದೆರಡು ಸುತ್ತು ಚೆನ್ನಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. "ಸ್ವಲ್ಪ ಒತ್ತಿದರೆ ಹೋಗುತ್ತೆ" ಅಂತ ತಿರುಗಿಸಿದರೆ ಮೆಷಿನ್ ಮೈಯೊಳಗಿನ ಮರೆಯೇ ತಿಂದು ಹೋಗುತ್ತದೆ. ಎರಡು ಮೂರು ರೂಪಾಯಿ ಸಾಮಾನಿನಿಂದ ಲೇತ್ ಅಂಗಡಿಗೆ ಹೋಗುವ ಹಾಗಾಗುತ್ತದೆ.

ಮೆಷಿನ್ ಸ್ಪೇರ್ ಅಂಗಡಿಗೇ ಹೋಗಿ, ಪಕ್ಕದ್ದೊಂದು ಸ್ಕ್ರೂ ಬಿಚ್ಚಿ ಮಾದರಿಗೆ ಒಯ್ಯಿರಿ. ಹಾರ್ಡ್‌ವೇರ್ ಸ್ಕ್ರೂಗಳನ್ನು ಮೆಷಿನ್ ಡಬ್ಬಿಯಲ್ಲಿ ಇಡಲೇಬೇಡಿ. ಇದ್ದರೆ ಒಂದಲ್ಲ ಒಂದು ದಿನ ಕೈ ಹೋಗಿಯೇ ಹೋಗುತ್ತದೆ.

ಚೀಟಿ ಅಂಟಿಸಿದ್ರೆ ಎಣ್ಣೆ ಕೈಗೆ ಎಲ್ಲ ಅಳಿಸಿಹೋಗುತ್ತೆ. ಬೇರೆ ದಾರಿ ಇದೆಯಾ?

ಚೀಟಿಯನ್ನು ಡಬ್ಬಿಯ ಒಳಗೆ, ಬರೆದ ಕಡೆ ಹೊರಮುಖ ಮಾಡಿ ಇಡಿ. ಪೆನ್ಸಿಲಿನಲ್ಲಿ ಬರೆಯಿರಿ, ಎಣ್ಣೆ ತಾಗಿದರೂ ಹರಡುವುದಿಲ್ಲ. "ಸ್ಪ್ರಿಂಗ್" ಅಂತ ಮಾತ್ರ ಬರೆದರೆ ಉಪಯೋಗ ಇಲ್ಲ. ಯಾವ ಮೆಷಿನ್ನು, ಯಾವ ಜಾಗ, ಎರಡೂ ಇರಲಿ: "ಹಳೇ ಮೆಷಿನ್, ಮೇಲಿನ ಟೆನ್ಷನ್, ಚೆಕ್ ಸ್ಪ್ರಿಂಗ್". ಹೆಸರು ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, "ಬಲಗಡೆ ಚಕ್ರದ ಹತ್ತಿರದ ಉದ್ದ ಸ್ಕ್ರೂ" ಅಂತ ಬರೆದರೂ ನಡೆಯುತ್ತದೆ.

## ತುಕ್ಕು ಮತ್ತು ಎಣ್ಣೆ

ಮಳೆಗಾಲ ಬಂದ್ರೆ ಎತ್ತಿಟ್ಟ ಬಾಬಿನ್ ಕೇಸ್ ಕೆಂಪಗಾಗುತ್ತೆ. ಕೊಬ್ಬರಿ ಎಣ್ಣೆ ಸವರಿ ಇಟ್ರೆ ಸಾಕಲ್ವಾ?

ಕೊಬ್ಬರಿ ಎಣ್ಣೆ ತಲೆಗೆ, ಮೆಷಿನ್ನಿಗಲ್ಲ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಮೈಸೂರಿನಲ್ಲಿ ಬಾಟಲಿ ತಲೆಕೆಳಗೆ ಮಾಡಿದರೂ ಎಣ್ಣೆ ಬೀಳುವುದಿಲ್ಲ, ನೋಡಿಯೇ ಇರುತ್ತೀರಿ. ಸ್ಪ್ರಿಂಗಿನ ಸಂದಿಯಲ್ಲೂ ಅದೇ ಆಗುತ್ತದೆ. ಕಾಲ ಕಳೆದಂತೆ ಜಿಡ್ಡಾಗಿ ನೂಲಿನ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ.

ನೀರಿನಂತೆ ತೆಳುವಾಗಿ ಬಣ್ಣವಿಲ್ಲದೆ ಇರುವ ಮೆಷಿನ್ ಎಣ್ಣೆಯೇ ಬೇಕು. ಮೊದಲು ಸಾಮಾನನ್ನು ಒಣ ಬಟ್ಟೆಯಲ್ಲಿ ಒರೆಸಿ. ಬೆರಳಿನ ಬೆವರಿನಲ್ಲಿ ಉಪ್ಪಿದೆ, ಒರೆಸದೆ ಎಣ್ಣೆ ಹಚ್ಚಿದರೆ ಆ ಉಪ್ಪು ಎಣ್ಣೆಯ ಕೆಳಗೇ ಕೂತು ಕೆಲಸ ಮುಂದುವರಿಸುತ್ತದೆ. ಆಮೇಲೆ ಒಂದು ತುಂಡು ಬಟ್ಟೆಗೆ ಎರಡು ಹನಿ ಹಾಕಿ ಸವರಿ. ಸುರಿಯಬೇಡಿ. ಸೀಮೆಎಣ್ಣೆಯಲ್ಲಿ ತೊಳೆದವರು ಅಷ್ಟಕ್ಕೇ ನಿಲ್ಲಿಸಬಾರದು, ಅದು ಇದ್ದಬದ್ದ ಎಣ್ಣೆಯನ್ನೂ ತೆಗೆದುಬಿಡುತ್ತದೆ. ಒಣಗಿಸಿ ಮತ್ತೆ ಎಣ್ಣೆ ಸವರಬೇಕು.

ಪೇಪರಿನಲ್ಲಿ ಸುತ್ತಿಡುವುದೂ ಬೇಡ, ಅದು ತೇವ ಎಳೆಯುತ್ತದೆ. ನಾಲೆ ಪಕ್ಕದ ಊರುಗಳಲ್ಲಿ, ಗದ್ದೆ ಬದಿಯ ಮನೆಗಳಲ್ಲಿ ಗೋಡೆ ಬೀರುವಿನ ಕೆಳಗಿನ ಅರೆ ಸದಾ ತಣ್ಣಗಿರುತ್ತದೆ. ಡಬ್ಬಿಯನ್ನು ಮೇಲಿನ ಅರೆಯಲ್ಲಿ ಇಡಿ.

ಚಪ್ಪಲಿ ಡಬ್ಬೀಲಿ ಬರೋ ಸಿಲಿಕಾ ಪೊಟ್ಟಣ ಹಾಕಿದ್ರೆ ಎಣ್ಣೆ ಬೇಡ್ವಾ?

ಎರಡೂ ಬೇಕು. ಪೊಟ್ಟಣ ಡಬ್ಬಿಯೊಳಗಿನ ಗಾಳಿಯ ತೇವ ಎಳೆಯುತ್ತದೆ, ಅದೂ ಮುಚ್ಚಳ ಬಿಗಿಯಿದ್ದರೆ ಮಾತ್ರ. ಚಪ್ಪಲಿ ಡಬ್ಬಿಯದು ನಿಮ್ಮ ಕೈಗೆ ಬರುವ ಹೊತ್ತಿಗೆ ಎಷ್ಟೋ ಸಲ ತೇವ ಕುಡಿದು ಮುಗಿದಿರುತ್ತದೆ. ನೀಲಿ ಕಾಳಿನದು ತೇವ ತುಂಬಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಬದಲಿಸುವುದು ಯಾವಾಗ ಅಂತ ಗೊತ್ತಾಗುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಿ. ಅದನ್ನು ಅಡುಗೆ ಬಾಣಲೆಯಲ್ಲಿ ಹುರಿದು ಮತ್ತೆ ಬಳಸುವ ಸಾಹಸವಂತೂ ಬೇಡ.

ರಬ್ಬರ್ ರಿಂಗ್, ಬೆಲ್ಟು ಇವನ್ನೂ ಅದೇ ಡಬ್ಬೀಲಿ ಇಡಬಹುದಾ?

ಎಣ್ಣೆ ಸವರಿದ ಸಾಮಾನಿನ ಜೊತೆ ಬೇಡ. ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಬಿಸಿಲಿಗೆ ಬಿಟ್ಟದ್ದು ಬಿರುಕು ಬಿಡುತ್ತದೆ. ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೆಳಕು ಬೀಳದ ಕಡೆ ಬೇರೆಯಾಗಿಡಿ. ಬಿಗಿಯಾಗಿ ಎಳೆದು ಯಾವುದಕ್ಕೋ ತೊಡಿಸಿ ಇಡಬೇಡಿ. ಚರ್ಮದ ಬೆಲ್ಟನ್ನು ದೊಡ್ಡ ಸುತ್ತು ಮಾಡಿ ತೂಗುಹಾಕಿ. ಅದಕ್ಕೆ ಎಣ್ಣೆ ಹಚ್ಚಿದರೆ ಚಕ್ರದ ಮೇಲೆ ಜಾರುತ್ತದೆ.

ಆಯುಧಪೂಜೆ ದಿನ ಎಲ್ಲ ತೆಗೆದು ಪೂಜೆಗೆ ಇಡ್ತೀವಿ. ಅರಿಶಿನ ಕುಂಕುಮ ಹಚ್ಚಿದ್ರೆ ಏನೂ ಆಗಲ್ವಾ?

ಮೆಷಿನ್ನಿನ ಮೈಗೆ, ಚಕ್ರಕ್ಕೆ ಹಚ್ಚಿ. ನೀಡಲ್ ಪ್ಲೇಟಿನ ಮೇಲೆ, ಶಟಲ್ ಇರುವ ಕಡೆ ಬೇಡ. ಒದ್ದೆ ಕುಂಕುಮ ಅಲ್ಲಿ ಒಳಗೆ ಇಳಿದರೆ ಹಬ್ಬ ಮುಗಿದ ಮೇಲೆ ಹೊಲಿಯುವ ಮೊದಲ ಬಿಳಿ ಬಟ್ಟೆಗೆ ಬಣ್ಣ ಬರುತ್ತದೆ. ಬಿಡಿ ಸಾಮಾನನ್ನು ಡಬ್ಬಿ ಸಮೇತ ಇಟ್ಟು, ಮುಚ್ಚಳದ ಮೇಲೆ ಹೂವಿಟ್ಟರೆ ಸಾಕು.

ಹೇಗೂ ಎಲ್ಲ ಹೊರಗೆ ಬಂದಿರುತ್ತದೆ, ಮಳೆಗಾಲದ ತೇವವೂ ಮುಗಿಯುತ್ತಾ ಬಂದಿರುತ್ತದೆ. ಹಿಂದಿನ ದಿನವೇ ಕೂತು ಒರೆಸಿ, ಎಣ್ಣೆ ಸವರಿ, ಏನು ಖಾಲಿಯಾಗಿದೆ ನೋಡಿಕೊಳ್ಳಿ. ದೀಪಾವಳಿ ಹೊಲಿಗೆ ನುಗ್ಗುವ ಮೊದಲು ಇಷ್ಟು ಬಿಡುವು ಮತ್ತೆ ಸಿಗುವುದಿಲ್ಲ.

## ಬಿಚ್ಚಿ ಜೋಡಿಸುವವರಿಗೆ

ಟೆನ್ಷನ್ ಸೆಟ್ ಕ್ಲೀನ್ ಮಾಡೋಣ ಅಂತ ಬಿಚ್ಚಿದೆ. ಈಗ ಯಾವುದು ಮೊದಲು ಯಾವುದು ಆಮೇಲೆ ಗೊತ್ತಾಗ್ತಿಲ್ಲ.

ಹಳೇ ಮನೆ ಮೆಷಿನ್ನಿನದಾದರೆ ಮೆಷಿನ್ ಕಡೆಯಿಂದ ಹೊರಗಿನ ಕಡೆಗೆ ಹೀಗೆ ಬರುತ್ತದೆ. ಮೊದಲು ಚೆಕ್ ಸ್ಪ್ರಿಂಗ್. ಆಮೇಲೆ ಎರಡು ತಟ್ಟೆ, ಅವುಗಳ ಉಬ್ಬಿದ ಬೆನ್ನು ಒಂದಕ್ಕೊಂದು ತಾಗಬೇಕು, ದಾರ ಆ ನಡುವೆ ಹೋಗುತ್ತದೆ. ಅದರ ಮೇಲೆ ನಡುವೆ ಅಡ್ಡಪಟ್ಟಿ ಇರುವ ಇನ್ನೊಂದು ತಟ್ಟೆ. ಬಟ್ಟೆ ಒತ್ತಿ ಹಿಡಿಯುವ ಫುಟ್ ಎತ್ತಿದಾಗ ಒಳಗಿನ ಕಡ್ಡಿ ಆ ಪಟ್ಟಿಯನ್ನು ತಳ್ಳಿ ದಾರ ಸಡಿಲ ಮಾಡುತ್ತದೆ. ಆಮೇಲೆ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು ಇರುವ ಸ್ಪ್ರಿಂಗ್. ಕೊನೆಗೆ ಕೈಯಲ್ಲಿ ತಿರುಗಿಸುವ ನಟ್.

ಮುಂದಿನ ಸಲ ಒಂದು ತೆಳು ತಂತಿಯ ತುದಿ ಬಗ್ಗಿಸಿ ಹತ್ತಿರ ಇಟ್ಟುಕೊಳ್ಳಿ. ನಟ್ಟಿನಿಂದ ಶುರು ಮಾಡಿ, ಬಿಚ್ಚಿದ ಹಾಗೆ ಒಂದೊಂದನ್ನೇ ಪೋಣಿಸುತ್ತಾ ಹೋಗಿ, ಹೊರಮುಖ ಇದ್ದದ್ದು ಬಗ್ಗಿಸಿದ ತುದಿಯ ಕಡೆಗೇ ಇರಲಿ. ಮುಗಿದ ಮೇಲೆ ಇನ್ನೊಂದು ತುದಿಯನ್ನೂ ಬಗ್ಗಿಸಿ. ಈಗ ತಂತಿಯನ್ನು ಜೇಬಿನಲ್ಲಿ ಹಾಕಿಕೊಂಡು ಓಡಾಡಿದರೂ ಕ್ರಮ ತಪ್ಪುವುದಿಲ್ಲ. ಜೋಡಿಸುವಾಗ ಕೊನೆಗೆ ಪೋಣಿಸಿದ್ದು ಮೊದಲು ಒಳಗೆ. ಫೋಟೋ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ, ತೆಗೆಯಿರಿ. ಆದರೆ ತಟ್ಟೆಯ ಬೆನ್ನು ಯಾವ ಕಡೆಗಿತ್ತು ಅನ್ನುವುದು ಫೋಟೋದಲ್ಲಿ ಸರಿಯಾಗಿ ಕಾಣುವುದಿಲ್ಲ, ತಂತಿಯಲ್ಲಿ ಕಾಣುತ್ತದೆ.

ಮ್ಯಾಗ್ನೆಟ್ ಬಟ್ಟಲಲ್ಲಿ ಹಾಕಿಟ್ರೆ ಏನೂ ಕಳೆಯಲ್ಲ ಅಂತಾರೆ. ನಿಜಾನಾ?

ಕೆಲಸ ಮಾಡುವಾಗ ಸ್ಕ್ರೂ ಹಾಕಿಕೊಳ್ಳಲು ಬಹಳ ಒಳ್ಳೆಯದು. ನೆಲಕ್ಕೆ ಬಿದ್ದದ್ದನ್ನು ಹುಡುಕಲೂ ಅದೇ ಬೇಕು. ಆದರೆ ಅದರಲ್ಲೇ ತಿಂಗಳುಗಟ್ಟಲೆ ಬಿಡಬೇಡಿ. ಉಕ್ಕಿನ ಸಾಮಾನಿಗೆ ಮ್ಯಾಗ್ನೆಟ್ಟಿನ ಗುಣ ಹತ್ತಿಬಿಡುತ್ತದೆ. ಸೂಜಿಗಳು ಒಂದಕ್ಕೊಂದು ಅಂಟುತ್ತವೆ, ಶಟಲ್ ಸಣ್ಣ ಕಬ್ಬಿಣದ ಚೂರುಗಳನ್ನು ಎಳೆದುಕೊಂಡು ಹಾಗೇ ಮೆಷಿನ್ನಿನೊಳಗೆ ಹೋಗುತ್ತದೆ.

ತೆಗೆದು ಹಾಕಿದ ಹಳೇ ಶಟಲ್, ಬಾಬಿನ್ ಕೇಸ್ ಎಸೀಬೇಕಾ, ಇಟ್ಕೋಬೇಕಾ?

ಯಾಕೆ ತೆಗೆದಿರಿ ಅನ್ನುವುದರ ಮೇಲೆ ಇದೆ. ಶಟಲ್ಲಿನ ತುದಿಗೆ ಸೂಜಿ ಬಡಿದು ಸಣ್ಣ ಮುಳ್ಳೆದ್ದಿದ್ದರೆ ನುಣುಪಾದ ಎಮರಿ ಕಾಗದದಲ್ಲಿ ಹಗುರಾಗಿ ಉಜ್ಜಿ ಸರಿಮಾಡಬಹುದು. ಉಗುರಿನ ಮೇಲೆ ಎಳೆದು ನೋಡಿ, ಗೀರು ಬೀಳದಿದ್ದರೆ ಇಟ್ಟುಕೊಳ್ಳಿ. ತುದಿಯೇ ಮೊಂಡಾಗಿದ್ದರೆ, ಬಾಬಿನ್ ಕೇಸ್ ಬಿದ್ದು ಬಾಯಿ ಸೊಟ್ಟಗಾಗಿದ್ದರೆ ಗುಜರಿಗೆ ಹಾಕಿ.

ಆದರೆ ಸೊಟ್ಟ ಕೇಸಿನ ಮೇಲಿರುವ ಪಟ್ಟಿ ಸ್ಪ್ರಿಂಗ್ ಮತ್ತು ಆ ಪುಟ್ಟ ಸ್ಕ್ರೂ ಬಿಚ್ಚಿಕೊಳ್ಳುವುದನ್ನು ಮರೆಯಬೇಡಿ. ಬಿಚ್ಚಿದ್ದನ್ನೆಲ್ಲ "ಹಳೇದು, ನಡೆಯುತ್ತೆ" ಅಂತ ಬರೆದ ಬೇರೆ ಕವರಿನಲ್ಲಿ ಹಾಕಿ. "ನೋಡೋಣ" ಅಂತ ಮೂರನೇ ಕವರ್ ಮಾಡುವವರಿದ್ದಾರೆ. ಆ ಕವರ್ ಮತ್ತೆ ಯಾರೂ ತೆರೆಯುವುದಿಲ್ಲ.

ಓವರ್‌ಲಾಕ್ ಮೆಷಿನ್ ಸ್ಪೇರ್ ಇಡೋಕೆ ಬೇರೆ ಏನಾದ್ರೂ ನೋಡ್ಕೋಬೇಕಾ?

ಬಟ್ಟೆಯ ಅಂಚು ಕತ್ತರಿಸಿ ಹೆಣೆಯುವ ಈ ಮೆಷಿನ್ನಿನಲ್ಲಿ ಲೂಪರ್ (ದಾರ ಹೆಣೆಯುವ ಬಾಗಿದ ಕಡ್ಡಿ) ಮತ್ತು ಬ್ಲೇಡ್, ಈ ಎರಡನ್ನು. ಮೇಲಿನ ಲೂಪರ್, ಕೆಳಗಿನ ಲೂಪರ್ ಬೇರೆ ಬೇರೆ. ಒಂದು ಕೂದಲೆಳೆ ಬಗ್ಗಿದರೂ ಹೊಲಿಗೆ ಬಿಡುತ್ತದೆ, ಬಗ್ಗಿದ್ದು ಕಣ್ಣಿಗೆ ಕಾಣುವುದೂ ಇಲ್ಲ. ತುದಿಗೆ ಸ್ಟ್ರಾ ತುಂಡು ತೊಡಿಸಿ, ಒಂದೊಂದು ಶೀಶೆಯಲ್ಲಿ ಒಂದೊಂದು ಇಡಿ. ಕಾರ್ಬೈಡ್ ಬ್ಲೇಡ್ ಗಟ್ಟಿ, ಆದರೆ ಪೆಡಸು. ಇನ್ನೊಂದು ಬ್ಲೇಡಿಗೆ ತಾಗಿದರೆ ಬಾಯಿ ಚೂರು ಹಾರುತ್ತದೆ. ದಪ್ಪ ರಟ್ಟು ಮಡಿಸಿ ಅದರೊಳಗೆ ಇಟ್ಟು ಟೇಪ್ ಸುತ್ತಿ.

ಆರು ಮೆಷಿನ್ ಹಾಕಿ ಹುಡುಗೀರ ಕೈಲಿ ಕೆಲಸ ಮಾಡಿಸ್ತೀನಿ. ಸೂಜಿ ಎಷ್ಟು ತಂದ್ರೂ ಸಾಲಲ್ಲ. ಲೆಕ್ಕ ಹೇಗೆ ಇಡೋದು?

ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ಅವರನ್ನೇ ಕೇಳಿ. ಅಲ್ಲಿ ಹಳೇ ಸೂಜಿ ಕೊಡದೆ ಹೊಸದು ಕೊಡುವುದಿಲ್ಲ. ಮುರಿದಿದ್ದರೆ ಚೂರುಗಳನ್ನೆಲ್ಲ ಹುಡುಕಿ ತಂದು, ರಿಜಿಸ್ಟರಿನಲ್ಲಿ ತಾರೀಖು ಬರೆದು, ಚೂರುಗಳನ್ನು ಅಲ್ಲೇ ಟೇಪಿನಲ್ಲಿ ಅಂಟಿಸುತ್ತಾರೆ. ಜೋಡಿಸಿದಾಗ ಪೂರ್ತಿ ಸೂಜಿ ಆಗಬೇಕು. ಆಗದಿದ್ದರೆ ಉಳಿದ ಚೂರು ಬಟ್ಟೆಯಲ್ಲೇ ಇದೆ ಅಂತ ಲೆಕ್ಕ, ಹುಡುಕುವ ತನಕ ಆ ಬಟ್ಟೆ ಮುಂದೆ ಹೋಗುವುದಿಲ್ಲ. ಮಗುವಿನ ಫ್ರಾಕಿನಲ್ಲಿ ಸೂಜಿ ತುದಿ ಉಳಿದರೆ ಏನಾಗುತ್ತದೆ ಅಂತ ಯೋಚಿಸಿದರೆ ಈ ಕಟ್ಟುನಿಟ್ಟು ಅತಿ ಅನ್ನಿಸುವುದಿಲ್ಲ.

ನೀವೂ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಮೆಷಿನ್ನುಗಳಿಗೆ 1ರಿಂದ 6ರವರೆಗೆ ನಂಬರ್ ಬರೆದು, ಪ್ರತಿ ಮೆಷಿನ್ನಿಗೆ ಒಂದೊಂದು ಪುಟ ಕೊಡಿ. ಸೂಜಿ ಡಬ್ಬಿ ಒಬ್ಬರ ಕೈಯಲ್ಲೇ ಇರಲಿ. ಒಂದೆರಡು ತಿಂಗಳಲ್ಲಿ ಯಾವುದೋ ಒಂದು ಮೆಷಿನ್ನಿನ ಪುಟ ಉಳಿದವಕ್ಕಿಂತ ಬೇಗ ತುಂಬಿರುವುದು ಕಾಣಬಹುದು. ಆಗ ಆ ಹುಡುಗಿಯನ್ನು ಬೈಯುವ ಮುಂಚೆ ಮೆಷಿನ್ ತೆರೆದು ನೋಡಿ. ನೀಡಲ್ ಪ್ಲೇಟಿನ ತೂತಿನ ಅಂಚು ಹರಿದಿದೆಯಾ, ಶಟಲ್ ಸೂಜಿಗೆ ತಾಗುತ್ತಿದೆಯಾ, ಸೂಜಿ ಬಾರ್ (ಸೂಜಿ ಹಿಡಿದು ಮೇಲೆ ಕೆಳಗೆ ಹೋಗುವ ಕಂಬಿ) ಅಲ್ಲಾಡುತ್ತಿದೆಯಾ. ಇದರಲ್ಲಿ ಯಾವುದು ಇದ್ದರೂ ಅಲ್ಲಿ ಯಾರನ್ನು ಕೂರಿಸಿದರೂ ಸೂಜಿ ಮುರಿಯುತ್ತಲೇ ಇರುತ್ತದೆ.